ಚಡಾವು ಹತ್ತಿದ ಮೇಲೆ ಮಾತಾಡು

ಆಗಸ್ಟಿನ ಒಂದು ಬೆಳಿಗ್ಗೆ. ಮೂಡಿಗೆರೆಯಿಂದ ಒಳಗೆ, ತೋಟದ ದಾರಿ ಟಾರು ರಸ್ತೆಗೆ ಬಂದು ಸೇರುವಲ್ಲಿ ಒಂದು ಸಣ್ಣ ಹೋಟೆಲಿದೆ. ಅದರ ಮುಂದೆ ಎರಡು ಗಾಡಿ ನಿಂತಿದ್ದವು. ಒಂದು ಮಹೀಂದ್ರ ಜೀಪು, ಎಂಎಂ 540. ಅದರ ಹಸಿರು ಬಣ್ಣ ಎಂದೋ ಮಾಸಿ ಈಗ ಅಡಿಕೆ ಹಾಳೆಯ ಬಣ್ಣಕ್ಕೆ ಬಂದಿದೆ. ಹಿಂದುಗಡೆ ನಾಲ್ಕು ಮೂಟೆ ಗೊಬ್ಬರ, ಮೇಲೆ ಟಾರ್ಪಾಲು. ಇನ್ನೊಂದು ಬಿಳಿ ಜಿಪ್ಸಿ, ಕಿಟಕಿಯವರೆಗೂ ಕೆಂಪು ಕೆಸರು.

ಜೀಪಿನ ಯಜಮಾನರಿಗೆ ಅರವತ್ತು ದಾಟಿದೆ. ಜಿಪ್ಸಿಯವನಿಗೆ ಮೂವತ್ತೆರಡೋ ಮೂವತ್ಮೂರೋ. ಇಬ್ಬರದೂ ಅಕ್ಕಪಕ್ಕದ ತೋಟ. ಹುಡುಗ ಕಾಫಿ ಲೋಟ ಕೈಗೆತ್ತಿಕೊಳ್ಳುವ ಮೊದಲೇ ಮಾತು ಶುರುವಾಯಿತು.

"ಎಂತ ಮಾರಾಯ, ಇನ್ನೂ ಅದೇ ಬೆಂಕಿಪೊಟ್ಟಣ ಓಡಿಸ್ತಿದ್ದೀಯ?"

"ಬೆಂಕಿಪೊಟ್ಟಣ ಆದ್ರೆ ಏನು ಮಾವ, ನಿನ್ನೆ ಸಂಜೆ ಮೇಲಿನ ತೋಟಕ್ಕೆ ಒಂದೇ ಸಲಕ್ಕೆ ಹತ್ತಿದೆ. ನಿಮ್ಮ ರೋಡ್ ರೋಲರ್ ಎಲ್ಲಿ ನಿಂತಿತ್ತು?"

"ನಿಂತಿರಲಿಲ್ಲ, ಉಸಿರು ತಗೋತಿತ್ತು. ನಾಲ್ಕು ಮೂಟೆ ಹೇರ್ಕೊಂಡು ಹತ್ತು, ಆಮೇಲೆ ಮಾತಾಡು."

ಈ ಜಗಳಕ್ಕೆ ಹತ್ತು ವರ್ಷದ ಮೇಲಾಯಿತು. ಇಬ್ಬರೂ ಸೋತಿಲ್ಲ, ಇಬ್ಬರೂ ಬಿಟ್ಟಿಲ್ಲ. ಹೋಟೆಲಿನವರು ಎರಡು ಲೋಟ ತಂದಿಟ್ಟು ತಮ್ಮ ಪಾಡಿಗೆ ಒಳಗೆ ಹೋದರು. ನಾನು ಬೆಂಚಿನ ತುದಿಯಲ್ಲಿ ಕೂತು ಕೇಳುತ್ತಿದ್ದೆ. ಇಂಥ ಮಾತು ಕೇಳುತ್ತಲೇ ಬೆಳೆದವನು ನಾನು. ಸಕಲೇಶಪುರದಲ್ಲಿ, ಕೊಪ್ಪದಲ್ಲಿ, ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತು ಹೋಗುವ ಜೀಪುಗಳ ಸಾಲಿನಲ್ಲಿ, ಕೊಡಚಾದ್ರಿಯ ಬುಡದಲ್ಲಿ, ಎಲ್ಲೇ ನಾಲ್ಕು ಗಾಲಿಗೂ ಎಂಜಿನ್ ಬಲ ಹೋಗುವ ಎರಡು ಗಾಡಿ ಒಟ್ಟಿಗೆ ನಿಂತರೂ ಇದೇ ಮಾತು. ಯಾರ ಗಾಡಿ ಗಟ್ಟಿ?

ಹೊರಗಿನವರಿಗೆ ಇದು ಹೊತ್ತು ಹೋಗದವರ ಹರಟೆ ಅನ್ನಿಸಬಹುದು. ನನಗೆ ಹಾಗನ್ನಿಸಿದ್ದಿಲ್ಲ. ಮಲೆನಾಡಿನಲ್ಲಿ ಗುಡ್ಡದ ಮೇಲೆ ಗಾಡಿ ಓಡಿಸುವ ವಿದ್ಯೆಯನ್ನು ಯಾವ ಡ್ರೈವಿಂಗ್ ಸ್ಕೂಲೂ ಹೇಳಿಕೊಡುವುದಿಲ್ಲ. ಪುಸ್ತಕ ಓದಿ ಕಲಿತವರನ್ನು ನಾನು ಕಂಡಿಲ್ಲ. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದೇ ಈ ಕಾಲೆಳೆಯುವ ಮಾತಿನ ಮೇಲೆ ಕೂತು. ಕೆಣಕಿದರೆ ಉತ್ತರ ಕೊಡಬೇಕು, ಉತ್ತರ ಕೊಡಬೇಕಾದರೆ ತನ್ನ ಗಾಡಿಯ ಒಳಹೊರಗು ಗೊತ್ತಿರಬೇಕು.

ಅವತ್ತಿನ ಮಾತನ್ನೇ ನೋಡಿ. ಹಿಂದೆ ಭಾರ ಇದ್ದರೆ ಹಿಂದಿನ ಗಾಲಿ ನೆಲ ಕಚ್ಚುತ್ತದೆ ಅನ್ನುವುದು ಯಜಮಾನರ ವಾದ. ಮಳೆಗಾಲದಲ್ಲಿ ಹೇರಲು ಏನೂ ಇಲ್ಲದಿದ್ದರೂ ಅವರು ಎರಡು ಮೂಟೆ ಮರಳು ಹಾಕಿಕೊಂಡೇ ಹೊರಡುವುದು. ಅದಕ್ಕೆ ಹುಡುಗನ ಉತ್ತರ: "ಹಿಂದೆ ಭಾರ ಹೆಚ್ಚಾದ್ರೆ ಚಡಾವಲ್ಲಿ ಮುಂದಿನ ಗಾಲಿ ಹಗುರಾಗುತ್ತೆ ಮಾವ. ಸ್ಟಿಯರಿಂಗ್ ತಿರುಗಿಸಿದ್ರೂ ಗಾಡಿ ತಿರುಗಲ್ಲ." ಎರಡೂ ಸರಿ. ಮೂಟೆ ಎಷ್ಟಿರಬೇಕು, ಅದನ್ನು ಹಿಂಬಾಗಿಲಿಗೆ ಒತ್ತಿ ಇಡಬೇಕೋ ಸೀಟಿನ ಬೆನ್ನಿಗೆ ಇಡಬೇಕೋ ಅನ್ನುವ ಲೆಕ್ಕ ಅಲ್ಲಿಂದ ಹುಟ್ಟುತ್ತದೆ. ಪಕ್ಕದಲ್ಲಿ ಬನ್ನು ತಿನ್ನುತ್ತ ಕೂತಿದ್ದ ಹದಿನೆಂಟರ ಹುಡುಗನೊಬ್ಬ ಅದನ್ನು ಕೇಳಿಸಿಕೊಂಡ. ಅವನಿಗೆ ಯಾರೂ ಪಾಠ ಮಾಡಲಿಲ್ಲ, ಆದರೂ ಪಾಠ ಆಯಿತು.

ಹಳ್ಳದ ವಿಷಯಕ್ಕೆ ಬಂದರೆ ಮಾತು ಇನ್ನೂ ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ, ಹಾಗಾಗಿ ಸ್ಪಾರ್ಕ್ ಪ್ಲಗ್ಗು, ಡಿಸ್ಟ್ರಿಬ್ಯೂಟರು ಒದ್ದೆಯಾಗುವ ಭಯವೂ ಇಲ್ಲ. ಹಳೆಯ ಪೆಟ್ರೋಲ್ ಗಾಡಿ ತುಂಬಿದ ಹಳ್ಳಕ್ಕೆ ಇಳಿದರೆ ನಡುವೆ ಕೆಮ್ಮಿ ನಿಲ್ಲುವುದುಂಟು. ಯಜಮಾನರು ಇದನ್ನು ವರ್ಷಕ್ಕೆ ಎರಡು ಸಲವಾದರೂ ನೆನಪಿಸುತ್ತಾರೆ. ಹುಡುಗ ಸುಮ್ಮನಿರುವುದಿಲ್ಲ. ಗಾಳಿ ಎಳೆಯುವ ಕೊಳವೆಯಿಂದ ಸಿಲಿಂಡರಿಗೆ ನೀರು ಹೋದರೆ ಡೀಸೆಲ್ಲೂ ಅಷ್ಟೇ, ಪೆಟ್ರೋಲೂ ಅಷ್ಟೇ, ಕನೆಕ್ಟಿಂಗ್ ರಾಡು ಬಗ್ಗಿ ಎಂಜಿನ್ನೇ ಹೋಯಿತು ಅನ್ನುತ್ತಾನೆ. ಅದೂ ಸತ್ಯ. ಆಮೇಲೆ ಇಬ್ಬರೂ ಒಪ್ಪುವ ಮಾತೊಂದು ಬರುತ್ತದೆ: ನೀರು ಕೆಂಪಾಗಿದ್ದು ತಳ ಕಾಣದಿದ್ದರೆ ಮೊದಲು ಇಳಿದು ಕೋಲು ಊರಿ ನೋಡಬೇಕು.

ಈ ಗಾಡಿಗಳ ವಂಶವೃಕ್ಷ ಬಿಡಿಸಿದರೆ ಹೆಚ್ಚಿನವು ದಾಯಾದಿಗಳೇ. 1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ಎಲ್ಲಿ ಬೇಕಾದರೂ ನುಗ್ಗುವ ಗಾಡಿ ಬೇಕೆಂದು ಕಂಪನಿಗಳನ್ನು ಕೇಳಿತು. ಮೊದಲ ಮಾದರಿ ತಯಾರಿಸಲು ಕೊಟ್ಟ ಗಡುವು ಬರೀ 49 ದಿನ. ಬ್ಯಾಂಟಮ್ ಅನ್ನುವ ಸಣ್ಣ ಕಂಪನಿ ಅದನ್ನು ಮಾಡಿ ತೋರಿಸಿತು. ಆಮೇಲೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಯುದ್ಧ ಮುಗಿಯುವುದರೊಳಗೆ ಅಂಥವನ್ನು 6 ಲಕ್ಷಕ್ಕೂ ಹೆಚ್ಚು ತಯಾರಿಸಿದವು. ವಿಲ್ಲಿಸ್ ಗಾಡಿಯ ಎಂಜಿನ್ ಶಕ್ತಿ 60 ಕುದುರೆ, ಅಷ್ಟೇ. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ರೋವರ್ ಕಂಪನಿಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ತನ್ನ ಹೊಲದ ಕೆಲಸಕ್ಕೆ ಸೈನ್ಯ ಬಿಟ್ಟುಹೋದ ಒಂದು ವಿಲ್ಲಿಸ್ ಜೀಪು ಇಟ್ಟುಕೊಂಡಿದ್ದ. ಅದನ್ನು ಕಂಡು ಹುಟ್ಟಿದ ಲ್ಯಾಂಡ್ ರೋವರ್ 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಜನರೆದುರು ಬಂತು. 1951ರಲ್ಲಿ ಟೊಯೊಟಾ ಕಂಪನಿಯೂ ತನ್ನದೊಂದು ಜೀಪು ಮಾಡಿತು. ಅದರ ಚಾಲಕ ಇಚಿರೋ ತೈರಾ ಫ್ಯೂಜಿ ಪರ್ವತದ ಆರನೇ ನಿಲ್ದಾಣದವರೆಗೆ ಗಾಡಿ ಹತ್ತಿಸಿ ತೋರಿಸಿದ. 1954ರಲ್ಲಿ ಆ ಗಾಡಿಗೆ ಲ್ಯಾಂಡ್ ಕ್ರೂಸರ್ ಎಂಬ ಹೆಸರು ಬಂತು. ಆ ಹೆಸರಿನಲ್ಲೇ ಸವಾಲು ಕೇಳಿಸುತ್ತದೆ. ಇವತ್ತಿಗೂ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಲ್ಯಾಂಡ್ ರೋವರಿನವರೂ ಲ್ಯಾಂಡ್ ಕ್ರೂಸರಿನವರೂ ನಮ್ಮ ಹೋಟೆಲಿನ ಇವರಿಬ್ಬರ ಹಾಗೆಯೇ ಕೆಣಕಾಡುತ್ತಾರೆ.

ನಮ್ಮಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಜೋಡಿಸಲು ಶುರುಮಾಡಿದ್ದು 1940ರ ದಶಕದ ಕೊನೆಯಲ್ಲಿ. ಯಜಮಾನರ 540 ಆ ಮನೆತನದ್ದೇ. ಜಿಪ್ಸಿಯದು ಬೇರೆ ಬೇರು. ಜಪಾನಿನ ಸುಜುಕಿ 1970ರಲ್ಲಿ 359 ಸಿಸಿಯ ಪುಟ್ಟ ಎಂಜಿನ್ ಹಾಕಿ ಜಿಮ್ನಿ ಎಂಬ ಗಾಡಿ ಬಿಟ್ಟಿತು. ಅದರ ಮುಂದಿನ ತಲೆಮಾರನ್ನು ಉದ್ದ ಮಾಡಿ 1985ರ ಕೊನೆಯಲ್ಲಿ ಮಾರುತಿ ನಮ್ಮಲ್ಲಿ ತಂದದ್ದೇ ಜಿಪ್ಸಿ. ಒಂದು ಟನ್ನಿಗಿಂತ ಕಡಿಮೆ ತೂಕ. ಸೈನ್ಯ, ಪೊಲೀಸು, ಅರಣ್ಯ ಇಲಾಖೆ ಎಲ್ಲ ಕಡೆ ಅದು ಓಡಿತು. ನಮ್ಮ ನಾಗರಹೊಳೆ, ಬಂಡೀಪುರದ ಕಾಡು ನೋಡಿದವರಲ್ಲಿ ಜಿಪ್ಸಿ ಹತ್ತಿದವರು ಎಷ್ಟೋ ಜನ.

ಹಾಗಾದರೆ ಗಟ್ಟಿ ಅಂದರೆ ಏನು? ಇಬ್ಬರೂ ಅಳೆಯುವ ಕೋಲೇ ಬೇರೆ. ಜಾರು ಮಣ್ಣಿನ ಮೇಲೆ ಹೂತುಹೋಗದೆ ತೇಲಿ ಹೋಗುವುದು ಹುಡುಗನ ಪ್ರಕಾರ ಗಟ್ಟಿತನ. ಹಗುರ ಇದ್ದಷ್ಟೂ ಗಾಡಿ ತನ್ನ ಭಾರಕ್ಕೆ ತಾನೇ ಕುಸಿಯುವುದಿಲ್ಲ. ಯಜಮಾನರಿಗೆ ಅದೆಲ್ಲ ಎರಡನೆಯದು. "ಕೆಟ್ಟಾಗ ಎಷ್ಟು ಹೊತ್ತಿಗೆ ಮನೆ ಸೇರ್ತೀಯ? ಅದು ಹೇಳು" ಅನ್ನುತ್ತಾರೆ. ಅವರ ಜೀಪು ಕೆಟ್ಟರೆ ಊರಿನ ಗ್ಯಾರೇಜಿನಲ್ಲಿ ಸಂಜೆಯೊಳಗೆ ರಿಪೇರಿ ಆಗುತ್ತದೆ. ಬೇಕಾದ ಸಾಮಾನು ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಬರುತ್ತದೆ. ಬಾನೆಟ್ ಎತ್ತಿದರೆ ಒಳಗಿರುವ ಪ್ರತಿಯೊಂದೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಕೆಲಸದವರನ್ನು ಕರೆತರಬೇಕು, ಕಾಫಿ ಮೂಟೆ ಕ್ಯೂರಿಂಗಿಗೆ ಸಾಗಿಸಬೇಕು, ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಆಸ್ಪತ್ರೆಗೆ ಓಡಬೇಕು. ಇಷ್ಟನ್ನೂ ಮೂವತ್ತು ವರ್ಷ ಮಾಡಿದ ಗಾಡಿ ಗಟ್ಟಿ. ನನ್ನನ್ನು ಕೇಳಿದರೆ ಈ ಕೋಲಿಗೇ ನನ್ನ ಓಟು. ಒಂದು ಚಡಾವನ್ನು ಒಂದು ದಿನ ಹತ್ತುವುದಕ್ಕಿಂತ ಅದೇ ಚಡಾವನ್ನು ಮೂವತ್ತು ಮಳೆಗಾಲ ಹತ್ತುವುದು ದೊಡ್ಡದು.

ಆದರೆ ಹುಡುಗನ ಪಕ್ಷವನ್ನೂ ಬಿಟ್ಟುಕೊಡಲು ಮನಸ್ಸಾಗುವುದಿಲ್ಲ. ಆ ಪುಟ್ಟ ಗಾಡಿ ಕೆಸರಿನಲ್ಲಿ ಹೋಗುವುದನ್ನು ಕಣ್ಣಾರೆ ನೋಡಿದರೆ ಯಾರಿಗೂ ಪ್ರೀತಿ ಬರುತ್ತದೆ.

ಆವತ್ತು ಕಾಫಿ ಮುಗಿಸಿ ಎರಡು ಗಾಡಿಯೂ ಮೇಲಿನ ತೋಟಕ್ಕೆ ಹೊರಟವು. ನಾನು ಜಿಪ್ಸಿಯಲ್ಲಿ ಹತ್ತಿ ಕೂತೆ. ಅರ್ಧ ದಾರಿಗೆ ಒಂದು ತಿರುವಿದೆ, ಒಂದು ಕಡೆ ದರೆ, ಇನ್ನೊಂದು ಕಡೆ ಇಳಿಜಾರು. ನಡುವೆ ಮಳೆನೀರು ಹರಿದು ಮೊಣಕಾಲುದ್ದ ಕೊರಕಲು ಬಿದ್ದಿದೆ. ಮಣ್ಣು ಬೆಣ್ಣೆಯ ಹಾಗೆ. ಹುಡುಗ ಸಣ್ಣ ಲಿವರ್ ಎಳೆದು ಫೋರ್ ಲೋಗೆ ಹಾಕಿದ, ಎರಡನೇ ಗೇರಿನಲ್ಲಿ ಏರಿಸಿದ. ಕೊರಕಲಿನ ಹತ್ತಿರ ಗಾಡಿ ಜಾರಿ ನಿಂತಿತು. ಮತ್ತೆ ಪ್ರಯತ್ನಿಸಿದ. ಹಿಂದಿನ ಗಾಲಿ ಎರಡೂ ಗಿರ್ರನೆ ತಿರುಗಿ ಕೆಸರು ಹಾರಿಸಿದವು. ಮುಂದಿನವು ಅಲ್ಲಾಡಲಿಲ್ಲ.

ಹಿಂದೆ ನಿಂತಿದ್ದ ಜೀಪಿನಿಂದ ಯಜಮಾನರು ಇಳಿದು ಬಂದರು. ಕೆಣಕಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗದು. ಅವರು ಒಂದು ಮಾತೂ ಆಡದೆ ಮುಂದಿನ ಗಾಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಗಾಲಿಯ ನಡುವಿನ ಗುಂಡು ಮುಚ್ಚಳಕ್ಕೆ ಮೆತ್ತಿದ್ದ ಮಣ್ಣನ್ನು ಬೆರಳಿನಿಂದ ಕೆರೆದು ತೆಗೆದರು. ಅದರ ಮೇಲೆ ಗೆರೆ ಕೊರೆದ ಒಂದು ತಿರುಪು. ಆ ಹಳೆಯ ಜಿಪ್ಸಿಗೆ ಮುಂದಿನ ಎರಡೂ ಗಾಲಿಯಲ್ಲಿ ಕೈಯಿಂದ ತಿರುಗಿಸುವ ಫ್ರೀ ವ್ಹೀಲ್ ಹಬ್ಬು ಇದೆ. ಟಾರು ರಸ್ತೆಯಲ್ಲಿ ಮುಂದಿನ ಆಕ್ಸಲ್ಲು ಸುಮ್ಮನೆ ತಿರುಗುತ್ತ ಪೆಟ್ರೋಲು ಕುಡಿಯದಿರಲಿ ಅಂತ ಅದನ್ನು ಬಿಡಿಸಿಡುತ್ತಾರೆ. ಕೆಸರಿಗೆ ಇಳಿಯುವ ಮೊದಲು ಇಳಿದು ಲಾಕ್ ಮಾಡದಿದ್ದರೆ ಒಳಗೆ ಲಿವರ್ ಎಷ್ಟು ಎಳೆದರೂ ಬಲ ಮುಂದಿನ ಗಾಲಿಗೆ ಬಂದು ತಲುಪುವುದಿಲ್ಲ. ಹುಡುಗ ಮಾತಿನ ಭರದಲ್ಲಿ ಅದನ್ನು ಮರೆತಿದ್ದ.

ಯಜಮಾನರು ಈ ಕಡೆಯದನ್ನು ತಿರುಗಿಸಿದರು. ಎದ್ದು ಕೆಸರಿನಲ್ಲೇ ಸುತ್ತಿಕೊಂಡು ಹೋಗಿ ಆ ಕಡೆಯದನ್ನೂ ತಿರುಗಿಸಿದರು. ಆಮೇಲೆ ಟೈರು ಒತ್ತಿ ನೋಡಿ, "ಗಾಳಿ ಇಳಿಸು, ಹದಿನೆಂಟಕ್ಕೆ ತಾ. ಫಸ್ಟ್ ಗೇರಿಗೆ ಹಾಕು. ಆಕ್ಸಿಲರೇಟರ್ ತುಳೀಬೇಡ, ಅದರ ಪಾಡಿಗೆ ಹೋಗಲಿ" ಅಂದರು. ಗಾಳಿ ಇಳಿಸಿದರೆ ಟೈರು ಅಗಲವಾಗಿ ನೆಲಕ್ಕೆ ಹರಡಿ ಹಿಡಿತ ಹೆಚ್ಚುತ್ತದೆ. ಹುಡುಗ ಹಾಗೇ ಮಾಡಿದ. ಜಿಪ್ಸಿ ಬಸವನಹುಳುವಿನ ಹಾಗೆ ಒಂದು ಸದ್ದಿಲ್ಲದೆ ಕೊರಕಲು ದಾಟಿತು. ಒಂದು ಗಾಲಿಯೂ ಸುಮ್ಮನೆ ತಿರುಗಲಿಲ್ಲ.

ಆಮೇಲೆ ಜೀಪಿನ ಸರದಿ. ನಾಲ್ಕು ಮೂಟೆ ಗೊಬ್ಬರ, ಅದರ ಮೇಲೆ ಗಾಡಿಯ ಸ್ವಂತ ಭಾರ. ತಿರುವಿನಲ್ಲಿ ಹೊರಗಡೆಯ ಅಂಚು ಕುಸಿದು ಹಿಂದಿನ ಗಾಲಿ ಆಕ್ಸಲ್ಲಿನವರೆಗೆ ಹೂತಿತು. ಎದುರು ಮೂಲೆಯ ಮುಂದಿನ ಗಾಲಿ ನೆಲ ಬಿಟ್ಟು ಮೇಲೆದ್ದಿತ್ತು. ಲಾಕ್ ಇಲ್ಲದ ಡಿಫರೆನ್ಷಿಯಲ್ ಬಲವನ್ನು ಸುಲಭವಾಗಿ ತಿರುಗುವ ಗಾಲಿಯ ಕಡೆಗೇ ಬಿಡುತ್ತದೆ. ಎತ್ತಿದ ಗಾಲಿ ಗಾಳಿಯಲ್ಲಿ ತಿರುಗಿತು, ಹೂತದ್ದು ಕೆಸರಲ್ಲಿ ತಿರುಗಿತು, ನೆಲದ ಮೇಲೆ ಗಟ್ಟಿಯಾಗಿ ನಿಂತಿದ್ದ ಎರಡು ಗಾಲಿ ಸುಮ್ಮನಿದ್ದವು. ನಾಲ್ಕು ಗಾಲಿಯ ಗಾಡಿ ಹೀಗೆ ಮೂಲೆಮೂಲೆಗೆ ಸಿಕ್ಕಿಕೊಳ್ಳುವುದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು.

ಈಗ ಹುಡುಗ ಇಳಿದು ಬಂದ. ಅವನೂ ಮಾತಾಡಲಿಲ್ಲ. ಜಿಪ್ಸಿಯ ಹಿಂದಿನ ಕೊಕ್ಕೆಗೆ ಹಗ್ಗ ಸಿಕ್ಕಿಸಿ ಇನ್ನೊಂದು ತುದಿಯನ್ನು ಜೀಪಿನ ಮುಂದಿನ ಕೊಕ್ಕೆಗೆ ಕಟ್ಟಿದ. ಬಂಪರಿಗೆ ಕಟ್ಟಲಿಲ್ಲ, ಬಂಪರ್ ಕಿತ್ತು ಹಾರಿದರೆ ಜೀವಕ್ಕೆ ಅಪಾಯ. ಹಗ್ಗದ ನಡುವಿಗೆ ಒಂದು ಒದ್ದೆ ಗೋಣಿಚೀಲ ಹೊದಿಸಿದ. ಹಗ್ಗ ತುಂಡಾದರೆ ಅದು ಚಾವಟಿಯ ಹಾಗೆ ಹಾರದೆ ಅಲ್ಲೇ ಬೀಳಲಿ ಅಂತ. ನಮ್ಮನ್ನೆಲ್ಲ ದೂರ ನಿಲ್ಲಿಸಿ, ಎರಡು ಮೂಟೆ ಇಳಿಸಿ, ಆಮೇಲೆ ನಿಧಾನಕ್ಕೆ ಎಳೆದ. ಒಂದು ಟನ್ನೂ ಇಲ್ಲದ ಗಾಡಿ ತನಗಿಂತ ದೊಡ್ಡದನ್ನು ಎಳೆದು ಗಟ್ಟಿ ನೆಲಕ್ಕೆ ತಂದಿತು.

ಇಬ್ಬರಲ್ಲಿ ಯಾರೂ ಧನ್ಯವಾದ ಹೇಳಲಿಲ್ಲ. ಆ ಪದವೇ ಅಲ್ಲಿ ಬೇಕಿರಲಿಲ್ಲ.

ಈಚೆಗೆ ಈ ಪಂಕ್ತಿಗೆ ಹೊಸಬರು ಬಂದಿದ್ದಾರೆ. 2020ರಲ್ಲಿ ಬಂದ ಮಹೀಂದ್ರದ ಹೊಸ ಥಾರ್‌ನಲ್ಲಿ ಹಿಂದಿನ ಡಿಫರೆನ್ಷಿಯಲ್ ತಾನಾಗಿ ಲಾಕ್ ಆಗುವ ಏರ್ಪಾಡು ಸಿಗುತ್ತದೆ. 650 ಮಿಲಿಮೀಟರ್ ನೀರು ದಾಟಬಲ್ಲದು ಅನ್ನುತ್ತಾರೆ. ಗೂರ್ಖಾ ಎಂಬ ಇನ್ನೊಂದು ಗಾಡಿಯಲ್ಲಿ ಮುಂದೆಯೂ ಹಿಂದೆಯೂ ಲಾಕ್ ಇದೆ, ನೀರಿನ ಲೆಕ್ಕ 700 ಮಿಲಿಮೀಟರ್. ಜಿಪ್ಸಿ ಜನರಿಗೆ ಮಾರುವುದು ನಿಂತ ಮೇಲೆ 2023ರಲ್ಲಿ ಐದು ಬಾಗಿಲಿನ ಜಿಮ್ನಿ ಬಂತು. ಈ ಅಂಕಿಗಳನ್ನು ಹಿಡಿದು ಬೆಂಗಳೂರಿನಿಂದ ಬರುವ ಹುಡುಗರೂ ಚೆನ್ನಾಗಿಯೇ ವಾದಿಸುತ್ತಾರೆ. ಗೋವಾದಲ್ಲಿ 2014ರಿಂದ ಮಳೆಗಾಲದಲ್ಲಿ ನಡೆಯುವ ರೇನ್‌ಫಾರೆಸ್ಟ್ ಚಾಲೆಂಜ್‌ಗೆ ಹೋಗಿ ಬಂದವರ ಕಥೆಗಳನ್ನಂತೂ ಕೇಳಬೇಕು. ಅಲ್ಲಿ ಚಾಲಕನ ಜೊತೆಗಾರ ಸೊಂಟದವರೆಗಿನ ಕೆಸರಿನಲ್ಲಿ ವಿಂಚಿನ ತಂತಿ ಎಳೆದುಕೊಂಡು ಓಡಿ ಮರಕ್ಕೆ ಕಟ್ಟಬೇಕು. ನೋಡುವವರಿಗೆ ಗಾಡಿ ದೊಡ್ಡದಾಗಿ ಕಾಣುತ್ತದೆ, ಆದರೆ ಹಣೆಬರಹ ಆ ಜೊತೆಗಾರನ ಕಾಲಲ್ಲಿರುತ್ತದೆ.

ಹೊಸಬರಿಗೆ ಒಂದು ಮಾತು ಮಾತ್ರ ಕೈಮುಗಿದು ಹೇಳಬೇಕೆನಿಸುತ್ತದೆ. ನಮ್ಮ ಗುಡ್ಡಗಳ ನೆತ್ತಿಯಲ್ಲಿ ಹುಲ್ಲು, ಮಡಿಲಲ್ಲಿ ಶೋಲಾ ಕಾಡು. ಆ ಹುಲ್ಲಿನ ಬೇರು ಮಳೆನೀರನ್ನು ಹಿಡಿದು ಹಳ್ಳಗಳಿಗೆ ನಿಧಾನವಾಗಿ ಬಿಡುತ್ತದೆ. ಅಲ್ಲಿ ಒಂದು ಟೈರಿನ ಗುರುತು ಬಿದ್ದರೆ ಮೊದಲ ಮಳೆಗೆ ಅದು ಕಾಲುವೆ, ಮೂರನೇ ಮಳೆಗಾಲಕ್ಕೆ ಕೊರಕಲು. ಆಮೇಲೆ ಅಲ್ಲಿ ಹುಲ್ಲು ಸುಲಭಕ್ಕೆ ಹಿಡಿಯುವುದಿಲ್ಲ. ದಾರಿ ಬಿಟ್ಟು ಹುಲ್ಲಿಗೆ ಗಾಡಿ ಹತ್ತಿಸಿ ವಿಡಿಯೊ ಮಾಡುವುದನ್ನು ನೋಡಿದಾಗ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಹಳಬರ ಪಂದ್ಯಕ್ಕೆ ಒಂದು ಕಟ್ಟಳೆ ಇತ್ತು. ಗಾಲಿ ಗಿರ್ರೆಂದು ತಿರುಗಿ ನೆಲ ಕೆದಕಿದರೆ ಗಾಡಿ ಹತ್ತಿದರೂ ಹತ್ತಿದ ಲೆಕ್ಕವಿಲ್ಲ. "ಉಳುಮೆ ಮಾಡಿದ್ಯಲ್ಲ ಮಾರಾಯ, ಭತ್ತ ಬಿತ್ತು" ಅನ್ನುವರು. ನೆಲಕ್ಕೆ ಗಾಯ ಮಾಡದೆ ಹತ್ತುವವನೇ ಜಾಣ ಅನ್ನುವ ಈ ಕಟ್ಟಳೆ ಥಾರಿಗೂ ಗೂರ್ಖಾಕ್ಕೂ ಹಾಗೇ ಒಪ್ಪುತ್ತದೆ.

ಕಳೆದ ತಿಂಗಳು ಆ ದಾರಿಯಲ್ಲಿ ಮತ್ತೆ ಹೋಗಿದ್ದೆ. ಹೋಟೆಲಿನ ಪಕ್ಕದ ಗ್ಯಾರೇಜಿನಲ್ಲಿ ಜೀಪಿನ ಬಾನೆಟ್ ಎತ್ತಿ ನಿಲ್ಲಿಸಿದ್ದರು. ವರ್ಷಗಟ್ಟಲೆ ಓಡಿ ಕ್ಲಚ್ ಪ್ಲೇಟ್ ಸವೆದಿತ್ತು. ಯಜಮಾನರು ಮಂಡಿನೋವಿಗೆ ಸ್ಟೂಲಿನ ಮೇಲೆ ಕೂತಿದ್ದರು. ಜೀಪಿನ ಅಡಿಯಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು, ಚಪ್ಪಲಿಗೆ ಕೆಂಪು ಮಣ್ಣು. ಮೆಕ್ಯಾನಿಕ್ಕು ಪಕ್ಕದಲ್ಲಿ ನಿಂತು ಟಾರ್ಚು ಹಿಡಿದಿದ್ದ.

"ಹದಿನಾಲ್ಕರ ಸ್ಪ್ಯಾನರ್ ಕೊಡಿ ಮಾವ," ಅಡಿಯಿಂದ ದನಿ ಬಂತು. "ಈ ಕಬ್ಬಿಣದ ರಾಶಿ ಬಿಚ್ಚೋದ್ರೊಳಗೆ ನನ್ನ ಜಿಪ್ಸಿ ಎರಡು ಸಲ ಹತ್ತಿ ಇಳಿದಿರ್ತಿತ್ತು."

ಯಜಮಾನರು ಡಬ್ಬಿಯಲ್ಲಿ ತಡಕಾಡಿ ಸ್ಪ್ಯಾನರ್ ತೆಗೆದು, ಪಂಚೆಯ ತುದಿಯಿಂದ ಒರೆಸಿ, ಬಗ್ಗಿ ಅವನ ಕೈಗೆ ಕೊಟ್ಟರು. "ಮೊದಲು ಬೋಲ್ಟ್ ಬಿಚ್ಚು," ಅಂದರು. "ಹಬ್ ಲಾಕ್ ಮಾಡಿದ್ದೀಯೋ ಇಲ್ವೋ, ಅದು ಆಮೇಲೆ ಮಾತಾಡುವ."